ಹೊಸ ಚೀಲ ಕೊಳ್ಳಬೇಡಿ, ಹಳೆಯ ಚಾದರದಲ್ಲೇ ಹೊಲಿಯಿರಿ

ಬೆಳಗಾವಿಯ ವಡಗಾವಿಯಲ್ಲಿ ನನ್ನದು ಟೇಲರಿಂಗ್ ಕೆಲಸ. ರವಿಕೆ, ಸೀರೆಗೆ ಫಾಲ್, ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತೇನೆ. ಈಚೆಗೆ ಬರುವವರು ಇನ್ನೊಂದು ಮಾತನ್ನೂ ಕೇಳುತ್ತಾರೆ: "ಅಕ್ಕಾ, ಸಂತಿಗೆ ಒಯ್ಯಾಕ ಯಾವ ಚೀಲ ಚಲೋರಿ?"

ಬಟ್ಟೆ ಚೀಲ ಒಳ್ಳೆಯದು, ಪ್ಲಾಸ್ಟಿಕ್ ಕೆಟ್ಟದ್ದು ಎಂದು ಹೇಳಿ ಕಳಿಸಿದರೆ ಅರ್ಧ ಉತ್ತರ ಕೊಟ್ಟಂತೆ. ಬಟ್ಟೆ ಚೀಲದಿಂದ ಲಾಭ ಆಗುವುದು ಅದನ್ನು ಹರಿಯುವ ತನಕ ಬಳಸಿದಾಗ ಮಾತ್ರ. ಒಂದರ ಮೇಲೊಂದು ಕೊಂಡು ಕಪಾಟಿನಲ್ಲಿ ತುಂಬಿಟ್ಟರೆ ನಷ್ಟವೇ ಜಾಸ್ತಿ. ಹಾಗಾಗಿ ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ: ಮನೆಯಲ್ಲಿ ಇರುವ ಬಟ್ಟೆಯಲ್ಲೇ, ಬಾಳಿಕೆ ಬರುವ ಹಾಗೆ ಚೀಲ ಮಾಡಿಕೊಳ್ಳಿ.

ಮೊದಲು ಪ್ಲಾಸ್ಟಿಕ್ಕಿನ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಅದು ಹಗುರ. ನೀರು ತಾಗಿದರೂ ಏನೂ ಆಗುವುದಿಲ್ಲ. ಜೇಬಿನಲ್ಲಿ ಹಿಡಿಯುತ್ತದೆ. ಮೀನು, ಮಾಂಸ, ಮೊಸರಿಗೆ ಸೋರದೆ ಕೆಲಸ ಮಾಡುತ್ತದೆ. ಒಂದು ಚೀಲ ಮಾಡಲು ಬೇಕಾಗುವ ಸರಕೂ ಬಹಳ ಕಡಿಮೆ. ಹತ್ತಿ ಚೀಲದ ಕಥೆ ಬೇರೆ. ಸವದತ್ತಿ, ಬೈಲಹೊಂಗಲದ ಎರೆ ಹೊಲಗಳಲ್ಲಿ ಹತ್ತಿ ಬೆಳೆಯುವವರಿಗೆ ಗೊತ್ತು, ಒಂದು ಬೆಳೆಗೆ ಎಷ್ಟು ಗೊಬ್ಬರ, ಎಷ್ಟು ಸಲ ಔಷಧ ಹೊಡೆಯಬೇಕು ಅಂತ. ಆಮೇಲೆ ನೂಲಬೇಕು, ನೇಯಬೇಕು, ಬಣ್ಣ ಹಾಕಬೇಕು.

ಬ್ರಿಟನ್ನಿನ ಸರ್ಕಾರಿ ಪರಿಸರ ಏಜೆನ್ಸಿ 2011ರಲ್ಲಿ ಇದರ ಲೆಕ್ಕ ಹಾಕಿತ್ತು. ಭೂಮಿ ಬಿಸಿಯಾಗುವುದೊಂದನ್ನೇ ನೋಡಿದರೆ, ಒಂದು ಸಲ ಬಳಸಿ ಬಿಸಾಡುವ ಪ್ಲಾಸ್ಟಿಕ್ ಚೀಲಕ್ಕಿಂತ ಹತ್ತಿ ಚೀಲ ಉತ್ತಮ ಅನಿಸಿಕೊಳ್ಳಬೇಕಾದರೆ ಅದನ್ನು 131 ಸಲ ಬಳಸಬೇಕು. ಕಾಗದದ ಚೀಲವಾದರೆ 3 ಸಲ, ಬಟ್ಟೆಯಂತೆ ಕಾಣುವ ನಾನ್‌ವೋವನ್ ಪ್ಲಾಸ್ಟಿಕ್ ಚೀಲವಾದರೆ 11 ಸಲ. ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಹಾಕಿದ ಲೆಕ್ಕದಲ್ಲಿ, ಹವಾಮಾನವೊಂದನ್ನೇ ನೋಡಿದರೆ ಹತ್ತಿ ಚೀಲಕ್ಕೆ 52 ಸಲ. ನೀರು, ಓಜೋನ್ ಪದರ ಎಲ್ಲವನ್ನೂ ಸೇರಿಸಿದರೆ 7,100 ಸಲ!

ಈ ಅಂಕಿ ನೋಡಿ ಹೆದರಬೇಕಿಲ್ಲ. ಅವು ಹೊಲದಿಂದಲೇ ಹೊಸದಾಗಿ ಬಂದ ಹತ್ತಿಯ ಲೆಕ್ಕ. ನಿಮ್ಮ ಮನೆಯ ಹಳೆಯ ಚಾದರ ಯಾವತ್ತೋ ನೇಯ್ದು ಆಗಿದೆ. ಅದರಿಂದ ಚೀಲ ಮಾಡಿದರೆ ಹೊಸದಾಗಿ ಒಂದು ಎಳೆ ಹತ್ತಿಯೂ ಬೆಳೆಯಬೇಕಾಗಿಲ್ಲ. ಇನ್ನೊಂದು ವಿಷಯ. ಆ ದೇಶಗಳ ಲೆಕ್ಕದಲ್ಲಿ ಬಳಸಿದ ಪ್ಲಾಸ್ಟಿಕ್ ಎಲ್ಲ ಕಸದ ವ್ಯವಸ್ಥೆಗೇ ಸೇರುತ್ತದೆ. ರಸ್ತೆಗೆ, ಗಟಾರಕ್ಕೆ ಬೀಳುವ ಚೀಲ ಅದರಲ್ಲಿ ಬರುವುದೇ ಇಲ್ಲ. ನಮ್ಮಲ್ಲಿ ತೆಳು ಕ್ಯಾರಿಬ್ಯಾಗನ್ನು ಗುಜರಿಯವರು ಎತ್ತಿಕೊಳ್ಳುವುದಿಲ್ಲ. ಎಷ್ಟು ಆರಿಸಿದರೂ ತೂಕಕ್ಕೆ ಬಾರದು. ಅದು ಗಟಾರದಲ್ಲೇ ಉಳಿಯುತ್ತದೆ. ಮಳೆಗಾಲದಲ್ಲಿ ನೀರು ಹರಿಯಲು ದಾರಿ ಸಿಗದೆ ಗಲ್ಲಿಗೆ ನುಗ್ಗುತ್ತದೆ. ಬಾಂಗ್ಲಾದೇಶ 2002ರಲ್ಲಿ ತೆಳು ಪ್ಲಾಸ್ಟಿಕ್ ಚೀಲ ನಿಷೇಧಿಸಿದ್ದಕ್ಕೆ ಚರಂಡಿ ಕಟ್ಟಿಕೊಂಡು ನೆರೆ ಹೆಚ್ಚಿದ್ದೇ ದೊಡ್ಡ ಕಾರಣ.

ಆಕಳುಗಳ ಪಾಡು ಇನ್ನೂ ಕೆಟ್ಟದ್ದು. ಉಳಿದ ಅನ್ನ, ಕಾಯಿಪಲ್ಲೆ ಸಿಪ್ಪೆಯನ್ನು ಚೀಲದಲ್ಲಿ ಕಟ್ಟಿ ಎಸೆದರೆ ಆಕಳು ಗಂಟು ಬಿಚ್ಚಿ ತಿನ್ನುತ್ತದೆಯೇ? ಚೀಲ ಸಮೇತ ನುಂಗುತ್ತದೆ. ಅದು ಕರಗುವುದಿಲ್ಲ, ಹೊರಗೂ ಹೋಗುವುದಿಲ್ಲ. ಹೊಟ್ಟೆಯಲ್ಲಿ ಉಂಡೆಯಾಗಿ ಕೂತು ಮೇವಿಗೇ ಜಾಗ ಇಲ್ಲದಂತಾಗುತ್ತದೆ. ದನದ ಡಾಕ್ಟರು ಹೊಟ್ಟೆ ಕೊಯ್ದು ಕಿಲೋಗಟ್ಟಲೆ ಪ್ಲಾಸ್ಟಿಕ್ ತೆಗೆಯುತ್ತಾರೆ. ಮನೆಯಲ್ಲಿ ಈಗಾಗಲೇ ಪ್ಲಾಸ್ಟಿಕ್ ಚೀಲಗಳಿದ್ದರೆ ಮತ್ತೆ ಮತ್ತೆ ಬಳಸಿ, ಕೊನೆಗೆ ತೊಳೆದು ಒಣಗಿಸಿ ಒಣ ಕಸಕ್ಕೆ ಕೊಡಿ. ತಿನ್ನುವ ಪದಾರ್ಥ ಕಟ್ಟಿ ಮಾತ್ರ ಎಸೆಯಬೇಡಿ, ದಯವಿಟ್ಟು.

ಕಾನೂನಿನ ಮಾತು ಚಿಕ್ಕದು. ಕರ್ನಾಟಕದಲ್ಲಿ 2016ರ ಮಾರ್ಚ್‌ನಿಂದ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧ ಇದೆ, ದಪ್ಪ ಇರಲಿ ತೆಳು ಇರಲಿ. ಹಾಗಾಗಿ "ಇದು ದಪ್ಪಂದ್ರಿ, ನಡಿತೈತಿ" ಅನ್ನುವ ಮಾತನ್ನು ನಂಬಬೇಡಿ.

ಬಟ್ಟೆಯಂತೆ ಕಾಣುವ ಪ್ಲಾಸ್ಟಿಕ್

ಬಟ್ಟೆ ಅಂಗಡಿ, ಬಂಗಾರದ ಅಂಗಡಿಯಲ್ಲಿ ಕೊಡುವ, ಮದುವೆಯಲ್ಲಿ ಹೆಸರು ಛಾಪಿಸಿ ಹಂಚುವ ಬಣ್ಣಬಣ್ಣದ ಚೀಲಗಳನ್ನು ಬಹಳ ಜನ ಬಟ್ಟೆ ಎಂದೇ ತಿಳಿದಿದ್ದಾರೆ. ಅದು ನಾನ್‌ವೋವನ್, ಅಂದರೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. ಗುರುತಿಸುವುದು ಸುಲಭ. ಬೆಳಕಿಗೆ ಹಿಡಿಯಿರಿ. ನೇಯ್ದ ಬಟ್ಟೆಯಲ್ಲಿ ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು, ಎರಡೂ ಎಳೆ ಹೋಗಿರುವುದು ಕಾಣುತ್ತದೆ. ಇದರಲ್ಲಿ ಎಳೆಯ ಸಾಲೇ ಇರುವುದಿಲ್ಲ, ಒತ್ತಿದ ಚುಕ್ಕಿಗಳು ಮಾತ್ರ ಇರುತ್ತವೆ. ಸಂಶಯ ಇದ್ದರೆ ಅಂಚಿನಿಂದ ಒಂದು ಚೂರು ಕತ್ತರಿಸಿ, ಚಿಮಟದಲ್ಲಿ ಹಿಡಿದು ಬೆಂಕಿ ತಾಗಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಮೆತ್ತನೆ ಬೂದಿ ಉಳಿಯುತ್ತದೆ. ಪ್ಲಾಸ್ಟಿಕ್ ಆದರೆ ಮುದುಡಿ, ಕರಗಿ, ಆರಿದ ಮೇಲೆ ಗಟ್ಟಿ ಮಣಿಯಂತಾಗುತ್ತದೆ. ನಾವು ಟೇಲರ್‌ಗಳು ಬಟ್ಟೆ ಪರೀಕ್ಷೆ ಮಾಡುವುದೂ ಹೀಗೇ.

ಮನೆಯಲ್ಲಿರುವ ನಾನ್‌ವೋವನ್ ಚೀಲಗಳನ್ನು ಹಾಗೆ ಎಸೆಯಬೇಡಿ. ಕಿತ್ತುಹೋಗುವವರೆಗೆ ಒಣ ಕಿರಾಣಿಗೆ ಬಳಸಿ. ಇಸ್ತ್ರಿ ಹಾಕಬೇಡಿ, ಬಿಸಿಲಲ್ಲಿ ಬಿಡಬೇಡಿ. ಬಿಸಿಲಿಗೆ ಅದು ಪುಡಿಪುಡಿಯಾಗುತ್ತದೆ. ಆ ಪುಡಿ ಮಣ್ಣಿಗೆ ಸೇರಿದ ಮೇಲೆ ಯಾರೂ ಆರಿಸಲಾರರು. ಹೊಸದನ್ನು ಮಾತ್ರ ಸುಮ್ನೆ ಯಾರೋ ಕೊಟ್ಟರು ಅಂತ ತರಬೇಡಿ.

ಹೊಲಿಯುವ ಬಗೆ

ಹಳೆಯ ಚಾದರ, ಪರದೆ, ಪ್ಯಾಂಟಿನ ದಪ್ಪ ಬಟ್ಟೆ ದೊಡ್ಡ ಚೀಲಕ್ಕೆ ಸರಿ. ಚಾದರ ಸವೆಯುವುದು ನಡುವೆ, ನಾವು ಮಲಗುವ ಜಾಗದಲ್ಲಿ. ಕಿಟಕಿಗೆ ಅಡ್ಡ ಹಿಡಿದರೆ ಎಲ್ಲಿ ತೆಳುವಾಗಿದೆ ಅಂತ ಕಾಣುತ್ತದೆ. ಆ ಭಾಗ ಬಿಟ್ಟು ಅಂಚಿನ ಕಡೆಯಿಂದ ಕತ್ತರಿಸಿಕೊಳ್ಳಿ. ಸಿಂಗಲ್ ಚಾದರದಲ್ಲಿ ಸವೆದದ್ದು ಕಳೆದು ಎರಡು ಮೂರು ಚೀಲ ಬರುತ್ತವೆ.

ಒಂದು ಚೀಲಕ್ಕೆ 19 ಇಂಚು ಅಗಲ, 38 ಇಂಚು ಉದ್ದದ ಒಂದೇ ತುಂಡು ಬೇಕು. ಉದ್ದ ಬಟ್ಟೆಯ ಕಿನಾರಿಯ, ಅಂದರೆ ಎಳೆ ಬಿಚ್ಚದ ನೇಯ್ದ ಅಂಚಿನ, ಜೊತೆಗೇ ಹೋಗಬೇಕು. ಹಾಸಿನ ಎಳೆ ಹೊಕ್ಕಿಗಿಂತ ಗಟ್ಟಿ, ಅದು ಚೀಲದ ಎತ್ತರಕ್ಕೆ ಬಂದರೆ ಭಾರ ತಡೆಯುತ್ತದೆ. ತುಂಡನ್ನು ನಡುವೆ ಮಡಚಿದರೆ ತಳ ತಾನಾಗಿ ಬಂತು. ತಳದಲ್ಲಿ ಹೊಲಿಗೆ ಇರಬಾರದು, ಕಿತ್ತುಕೊಳ್ಳುವುದು ಅಲ್ಲೇ.

ಒಳಮೈಗೆ ಒಳಮೈ ತಾಗುವ ಹಾಗೆ ಮಡಚಿ, ಎರಡೂ ಪಕ್ಕ ಕಾಲು ಇಂಚು ಬಿಟ್ಟು ಹೊಲಿಯಿರಿ. ಚೀಲ ತಿರುವಿ ಹಾಕಿ ಅದೇ ಪಕ್ಕಗಳನ್ನು ಇನ್ನೊಮ್ಮೆ, ಈ ಸಲ ಸ್ವಲ್ಪ ಜಾಸ್ತಿ ಬಿಟ್ಟು ಹೊಲಿಯಿರಿ. ಬಟ್ಟೆಯ ಬಿಡಿ ಅಂಚು ಎರಡು ಹೊಲಿಗೆಯ ನಡುವೆ ಮುಚ್ಚಿಹೋಗುತ್ತದೆ, ಎಷ್ಟು ತೊಳೆದರೂ ಎಳೆ ಬಿಚ್ಚುವುದಿಲ್ಲ. ಚೀಲ ಒಳಗುಹೊರಗಾಗಿ ಇರುವಾಗಲೇ ತಳದ ಮೂಲೆ ಮಾಡಿ: ಪಕ್ಕದ ಹೊಲಿಗೆಯನ್ನು ತಳದ ಮಡಿಕೆಯ ಮೇಲೆ ಕೂರಿಸಿದರೆ ಮೂಲೆ ತ್ರಿಕೋನವಾಗುತ್ತದೆ. ತುದಿಯಿಂದ 2 ಇಂಚು ಒಳಗೆ ಅಡ್ಡ ಹೊಲಿಗೆ ಹಾಕಿ. ತಳ 4 ಇಂಚು ಅಗಲವಾಗುತ್ತದೆ, ಉಳ್ಳಾಗಡ್ಡಿ, ಬಟಾಟಿ ನೆಟ್ಟಗೆ ಕೂರುತ್ತವೆ.

ಬಾಯಿಯನ್ನು ಮೊದಲು ಅರ್ಧ ಇಂಚು, ಆಮೇಲೆ ಒಂದು ಇಂಚು ಮಡಚಿ. ಹಿಡಿಕೆಗೆ 24 ಇಂಚು ಉದ್ದ, 4 ಇಂಚು ಅಗಲದ ಎರಡು ಪಟ್ಟಿ ಬೇಕು. ಎರಡೂ ಅಂಚನ್ನು ನಡುವಿಗೆ ತಂದು, ಮತ್ತೊಮ್ಮೆ ಮಡಚಿ ನಾಲ್ಕು ಪದರ ಮಾಡಿ, ಉದ್ದಕ್ಕೂ ಹೊಲಿಯಿರಿ. ಹೆಗಲಿಗೆ ಬೇಡ, ಕೈಯಲ್ಲೇ ಹಿಡಿಯುತ್ತೇವೆ ಅನ್ನುವವರು 14 ಇಂಚಿಗೆ ಕತ್ತರಿಸಿ. ಪಟ್ಟಿಯ ತುದಿಗಳನ್ನು ಪಕ್ಕದ ಹೊಲಿಗೆಯಿಂದ 5 ಇಂಚು ಒಳಗೆ, ಬಾಯಿಯ ಮಡಿಕೆಯೊಳಗೆ ತೂರಿಸಿ ಮೇಲಕ್ಕೆ ತಿರುವಿ, ಮಡಿಕೆಯನ್ನು ಸುತ್ತಲೂ ಹೊಲಿಯಿರಿ. ಅಲ್ಲಿ ಒಂದು ಇಂಚಿನ ಚೌಕ ಹೊಲಿದು, ಅದರೊಳಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಹಾಕಿ. ಮೆಷಿನ್ನಿಗೆ 16 ನಂಬರ್ ಸೂಜಿ ಹಾಕಿಕೊಳ್ಳಿ, ರವಿಕೆ ಹೊಲಿಯುವ ಸಣ್ಣ ಸೂಜಿ ಆ ಪದರಗಳಲ್ಲಿ ಮುರಿಯುತ್ತದೆ. ಅಂಗಡಿಯಲ್ಲಿ ಮಾರುವ ಎಷ್ಟೋ ಬಟ್ಟೆ ಚೀಲಗಳ ಹಿಡಿಕೆಗೆ ಒಂದೇ ಗೆರೆ ಹೊಲಿಗೆ ಇರುತ್ತದೆ. ಅಂಥ ಚೀಲ 131 ಸಲ ಎಲ್ಲಿ ಬಂದೀತು? ವಾರಕ್ಕೆ ಎರಡು ಸಲ ಸಂತೆ ಅಂದುಕೊಂಡರೂ ಹದಿನೈದು ತಿಂಗಳು ಬಾಳಬೇಕಲ್ಲ.

ಹಳೆಯ ಧೋತರ, ನೂಲಿನ ಇಳಕಲ್ ಸೀರೆಯಂಥ ತೆಳು ಬಟ್ಟೆಯಲ್ಲಿ ಸಣ್ಣ ಚೀಲ ಹೊಲಿಯಿರಿ, ಬಾಯಿಗೆ ಲಾಡಿ ಹಾಕಿ. ಹಸಿಮೆಣಸಿನಕಾಯಿ, ಬೆಂಡೆಕಾಯಿ, ಬೇಳೆಗೆ ಒಂದೊಂದು. ಮೆಂತೆ ಪಲ್ಲೆ, ಕೊತ್ತಂಬರಿಯನ್ನು ತುಸು ಒದ್ದೆ ಮಾಡಿದ ಧೋತರದ ಚೀಲದಲ್ಲಿ ಇಟ್ಟರೆ ಫ್ರಿಜ್ಜಿನಲ್ಲಿ ಕೊಳೆಯದೆ ಇರುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಬೆವರು ಕಟ್ಟಿ ಎಲೆ ಕಪ್ಪಾಗುತ್ತದೆ. ಆದರೆ ಸೌತೆಕಾಯಿ, ಗಜ್ಜರಿ ಒಣ ಬಟ್ಟೆಯಲ್ಲಿ ಬಾಡುತ್ತವೆ. ಅವಕ್ಕೆ ಮುಚ್ಚಳದ ಡಬ್ಬಿಯೇ ಒಳ್ಳೆಯದು.

ಮಳೆ, ಮೀನು, ಮೊಸರು

ಬೆಳಗಾವಿಯ ಮಳೆಯಲ್ಲಿ ಬಟ್ಟೆ ಚೀಲ ಸೋಲುತ್ತದೆ. ನೆನೆದು ಭಾರವಾಗುತ್ತದೆ, ಒಣಗದೆ ಮುಗ್ಗಲು ವಾಸನೆ ಬರುತ್ತದೆ. ಗೋಣಿಚೀಲಕ್ಕಂತೂ ಬೂಸು ಹಿಡಿಯುತ್ತದೆ. ಆ ನಾಲ್ಕು ತಿಂಗಳು ಹಳೆಯ ವಾಯರ್ ಬುಟ್ಟಿ ತೆಗೆಯಿರಿ. ಅದೂ ಪ್ಲಾಸ್ಟಿಕ್ಕೇ, ಆದರೆ ವರ್ಷಗಟ್ಟಲೆ ಬರುತ್ತದೆ, ನೀರು ಸೋರಿ ಹೋಗುತ್ತದೆ. ಇಲ್ಲವೇ ಅಕ್ಕಿ, ಸಕ್ಕರೆ ಬಂದ ನೇಯ್ದ ಪ್ಲಾಸ್ಟಿಕ್ ಚೀಲವನ್ನು ತೊಳೆದು, ಅಂಚನ್ನು ಎರಡು ಸಲ ಮಡಚಿ ಹೊಲಿದುಕೊಳ್ಳಿ. ಗೊಬ್ಬರದ ಚೀಲವನ್ನು ಮಾತ್ರ, ಎಷ್ಟು ತೊಳೆದರೂ, ತಿನ್ನುವ ವಸ್ತುವಿಗೆ ಬಳಸಬಾರದು.

ಮೀನು, ಮಾಂಸ, ಮೊಸರಿಗೆ ಸ್ಟೀಲ್ ಡಬ್ಬಿ ಒಯ್ಯಿರಿ. ಮಾಂಸದ ರಸ ತಾಗಿದ ಬಟ್ಟೆ ಚೀಲದಲ್ಲಿ ಕಾಯಿಪಲ್ಲೆ ತಂದರೆ ರೋಗ ತರಿಸಿಕೊಂಡಂತೆ. ಬೇರೆ ಬಟ್ಟೆ ಚೀಲಗಳನ್ನೂ ಆಗಾಗ ಸೋಪಿನಲ್ಲಿ ಒಗೆದು ಬಿಸಿಲಿಗೆ ಹಾಕಿ.

ಬಿಸಿ ಭಜಿಯನ್ನು ಪೇಪರಿನಲ್ಲಿ ಕಟ್ಟಿಸಿಕೊಳ್ಳುವವರಿಗೂ ಒಂದು ಮಾತು. ಪ್ಲಾಸ್ಟಿಕ್ ಬೇಡ ಅಂತ ಹಾಗೆ ಮಾಡುತ್ತಾರೆ, ಆದರೆ ಸುದ್ದಿ ಪತ್ರಿಕೆಯ ಶಾಯಿ ಎಣ್ಣೆಯ ಜೊತೆ ಹೊಟ್ಟೆಗೆ ಹೋಗುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರವೇ ಅದು ಬೇಡ ಎಂದಿದೆ. ಅದಕ್ಕೂ ಡಬ್ಬಿಯೇ ಸರಿ.

ಚೀಲ ನೆನಪಿರುವುದಿಲ್ಲ ಅನ್ನುವ ದೂರು ನಾನು ಜಾಸ್ತಿ ಕೇಳಿದ್ದೇನೆ. ಆದರೆ ನೋಡಿ, ಗಿರಣಿಗೆ ಜೋಳ ಒಯ್ಯುವಾಗ ಯಾರಾದರೂ ಡಬ್ಬಿ ಮರೆಯುತ್ತಾರಾ? ಗಿರಣಿಯವರನ್ನು ಕ್ಯಾರಿಬ್ಯಾಗ್ ಕೇಳುತ್ತಾರಾ? ಅಲ್ಲಿ ಸಿಗುವುದಿಲ್ಲ ಅಂತ ಗೊತ್ತು, ಅದಕ್ಕೇ ಮರೆಯುವುದಿಲ್ಲ. ಸಂತೆಯನ್ನೂ ಹಾಗೇ ನೋಡಿ. ಚೀಲ ಖಾಲಿ ಆದ ಕೂಡಲೇ ಬಾಗಿಲ ಹಿಂದಿನ ಮೊಳೆಗೆ ಹಾಕಿ, ಕಪಾಟಿನಲ್ಲಿ ಇಡಬೇಡಿ. ಒಂದು ಯಾವಾಗಲೂ ಸ್ಕೂಟರ್ ಸೀಟಿನ ಕೆಳಗೆ ಇರಲಿ. ಕೆಲಸದಿಂದ ಹಾಗೇ ಮಾರ್ಕೆಟ್ಟಿಗೆ ಹೋಗುವವರು ಧೋತರದ ತೆಳು ಚೀಲ ಮಡಚಿ ಜೇಬಿನಲ್ಲಿ ಇಟ್ಟುಕೊಳ್ಳಬಹುದು.

ಗಣಪತ ಗಲ್ಲಿಯಲ್ಲಿ ಕಾಯಿಪಲ್ಲೆ ತೂಗುವ ಮೊದಲೇ ಹೇಳಬೇಕು: "ಅಕ್ಕಾ, ಚೀಲ ಐತ್ರಿ, ಇದರಾಗ ಹಾಕ್ರಿ." ಮರಾಠಿ ಮಾತಾಡುವ ಮೌಶಿಗೆ "ಪಿಶವಿ ಆಹೇ" ಅಂದರೆ ಸಾಕು. ತೂಗಿ ಆದ ಮೇಲೆ ಹೇಳಿದರೆ ಅಷ್ಟರಲ್ಲಿ ಅವರ ಕೈ ಪ್ಲಾಸ್ಟಿಕ್ ಕಟ್ಟಿಗೆ ಹೋಗಿರುತ್ತದೆ. ಅವರ ಜೊತೆ ಜಗಳ ಬೇಡ. ಆ ಚೀಲದ ದುಡ್ಡು ಅವರ ಗಂಟಿನಿಂದಲೇ ಹೋಗುತ್ತದೆ. ಕೊಡದಿದ್ದರೆ ಗಿರಾಕಿ ಪಕ್ಕದ ಬುಟ್ಟಿಗೆ ಹೋಗುತ್ತಾರೆ ಅನ್ನುವ ಭಯಕ್ಕೆ ಕೊಡುತ್ತಾರೆ. ನಾವು ಚೀಲ ಚಾಚಿದರೆ ಅವರಿಗೂ ಉಳಿತಾಯ. ಮೊದಲು ಉಳ್ಳಾಗಡ್ಡಿ, ಬಟಾಟಿ ಸುರಿಸಿಕೊಳ್ಳಿ, ಟಮಾಟಿ ಕೊನೆಗೆ.

ಹಿಡಿಕೆ ಸಡಿಲಾದರೆ ಪೂರ್ತಿ ಕೀಳುವ ತನಕ ಕಾಯಬೇಡಿ, ಬಾಯಿಯ ಬಟ್ಟೆಯೂ ಹರಿಯುತ್ತದೆ. ರವಿಕೆ ಹೊಲಿಯಲು ಕೊಡುವಾಗ ಜೊತೆಗೆ ಅದನ್ನೂ ಟೇಲರ್ ಹತ್ತಿರ ಕೊಡಿ, ಐದು ನಿಮಿಷದ ಕೆಲಸ. ತಳ ಸವೆದಿದ್ದರೆ ಒಳಗಿನಿಂದ ಹಳೆಯ ಪ್ಯಾಂಟಿನ ತುಂಡು ಇಟ್ಟು ನಾಲ್ಕೂ ಸುತ್ತ ಹೊಲಿಸಿ. ಅದೂ ಹೋದ ಮೇಲೆ ಹಿಡಿಕೆ ಬಿಚ್ಚಿ ಇನ್ನೊಂದು ಚೀಲಕ್ಕೆ ಹಾಕಬಹುದು, ಉಳಿದ ಬಟ್ಟೆಯನ್ನು ಕೌದಿ ಹೊಲಿಯುವವರಿಗೆ ಕೊಡಬಹುದು.