ಪುಸ್ತಕದಂಗಡಿಯವರ ಹತ್ತಿರ "ನಾನು ಏನು ಓದಲಿ?" ಅಂತ ಕೇಳುವುದು ಹೇಗೆ

ಪುಸ್ತಕದಂಗಡಿಗೆ ಹೋಗಿ "ಒಳ್ಳೆ ಪುಸ್ತಕ ಯಾವುದಿದೆ?" ಅಂತ ಮಾತ್ರ ಕೇಳಬೇಡಿ. ಡಾಕ್ಟರ ಮುಂದೆ ಕೂತು ಏನಾಗಿದೆ ಅಂತ ಹೇಳದೆ "ಒಳ್ಳೆ ಮಾತ್ರೆ ಕೊಡಿ" ಅಂದ ಹಾಗಾಗುತ್ತದೆ. ಅಂಗಡಿಯವರು ಪಾಪ ಏನು ಮಾಡುತ್ತಾರೆ? ಆ ತಿಂಗಳು ಜಾಸ್ತಿ ಹೋಗುತ್ತಿರುವುದನ್ನು ಎತ್ತಿ ಕೊಡುತ್ತಾರೆ. ನೀವು ಮನೆಗೆ ತಂದು ಮೂವತ್ತು ಪುಟ ಓದಿ ಟಿವಿ ಪಕ್ಕ ಇಡುತ್ತೀರಿ. ಅದು ಅಲ್ಲೇ ಧೂಳು ಹಿಡಿಯುತ್ತದೆ, ಆಮೇಲೆ "ನನಗೆ ಕನ್ನಡ ಓದೋಕೆ ಆಗಲ್ಲ" ಅನ್ನುವ ಮಾತು ಬರುತ್ತದೆ. ಅಂಥವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಓದೋಕೆ ಆಗದೇ ಇರುವುದಲ್ಲ, ಕೇಳಿದ ರೀತಿ ಸರಿ ಇರಲಿಲ್ಲ ಅಷ್ಟೆ.

ನಾನು ಹೇಳುತ್ತಿರುವುದು ಸಣ್ಣ ಅಂಗಡಿಗಳ ಬಗ್ಗೆ. ಯಾವ ದೊಡ್ಡ ಕಂಪನಿಗೂ ಸೇರದ, ಮಾಲೀಕರೇ ಗಲ್ಲಾದ ಮುಂದೆ ಕೂತಿರುವ ಅಂಗಡಿಗಳು. ಬೆಂಗಳೂರಲ್ಲಿ ಗಾಂಧಿ ಬಜಾರಿನ ಅಂಕಿತ ಪುಸ್ತಕ ಇದೆ, ಚರ್ಚ್ ಸ್ಟ್ರೀಟಿನಲ್ಲಿ ಬ್ಲಾಸಮ್ ಮತ್ತು ಬುಕ್‌ವರ್ಮ್ ಇವೆ, 1945ರಲ್ಲಿ ಶುರುವಾದ ಸೆಲೆಕ್ಟ್ ಬ್ರಿಗೇಡ್ ರೋಡಿನ ಪಕ್ಕದಲ್ಲೇ ಇದೆ. ನಿಮ್ಮ ಊರಿನಲ್ಲೂ ಒಂದು ಇರುತ್ತದೆ, ಬಸ್ ಸ್ಟ್ಯಾಂಡ್ ಹತ್ತಿರವೋ ರಥಬೀದಿಯಲ್ಲೋ. ಇಂಥ ಅಂಗಡಿಯ ನಿಜವಾದ ಆಸ್ತಿ ಅಂದರೆ ಮಾಲೀಕರ ನೆನಪು. ಯಾವ ಪುಸ್ತಕ ಯಾರಿಗೆ ಹಿಡಿಸಿತು, ಯಾರು ವಾಪಸ್ ಬಂದು ಅದೇ ಲೇಖಕರದ್ದು ಇನ್ನೊಂದು ಕೇಳಿದರು, ಯಾರು ಮುಖ ಸಿಂಡರಿಸಿದರು, ಎಲ್ಲ ಅವರ ತಲೆಯಲ್ಲಿರುತ್ತದೆ. ಆ ನೆನಪಿಗೆ ಕೆಲಸ ಕೊಡುವಂಥ ಪ್ರಶ್ನೆ ಕೇಳಬೇಕು.

ಅದಕ್ಕೆ ಮನೆಯಿಂದ ಹೊರಡುವ ಮುಂಚೆ ಎರಡು ಹೆಸರು ಯೋಚಿಸಿಕೊಳ್ಳಿ. ಒಂದು, ನಿಮಗೆ ತುಂಬಾ ಇಷ್ಟವಾದ ಪುಸ್ತಕ. ಇನ್ನೊಂದು, ಅರ್ಧಕ್ಕೇ ಬಿಟ್ಟ ಪುಸ್ತಕ. ಎರಡನೆಯದು ಹೇಳೋಕೆ ಜನ ಹಿಂಜರಿಯುತ್ತಾರೆ, ಅದರಲ್ಲೂ ಅದು ದೊಡ್ಡ ಹೆಸರಿನ ಕಾದಂಬರಿಯಾಗಿದ್ದರೆ. ಹಿಂಜರಿಯಬೇಡಿ. ಇಷ್ಟವಾದದ್ದಕ್ಕಿಂತ ಅರ್ಧಕ್ಕೆ ಬಿಟ್ಟದ್ದೇ ಅವರಿಗೆ ಜಾಸ್ತಿ ಹೇಳುತ್ತದೆ. ಕನ್ನಡದಲ್ಲಿ ಇನ್ನೂ ಏನೂ ಓದಿಲ್ಲವಾ? ಪರವಾಗಿಲ್ಲ, ಇಂಗ್ಲಿಷಿನದ್ದು ಹೇಳಿ, ಸಿನಿಮಾ ಹೇಳಿ, ಅಜ್ಜಿ ಹೇಳುತ್ತಿದ್ದ ಕತೆ ಹೇಳಿ. ಅದರಿಂದಲೂ ದಾರಿ ಸಿಗುತ್ತದೆ.

ಬರೀ ಹೆಸರು ಸಾಲದು, ಯಾಕೆ ಇಷ್ಟ ಅಂತಲೂ ಹೇಳಬೇಕು. ಒಂದು ಉದಾಹರಣೆ ಕೊಡುತ್ತೇನೆ. ತೇಜಸ್ವಿಯವರ ಕಾದಂಬರಿ 'ಕರ್ವಾಲೊ' ಇಷ್ಟ ಅನ್ನುವವರು ಸಾವಿರ ಜನ ಸಿಗುತ್ತಾರೆ. ಆದರೆ ಒಬ್ಬರಿಗೆ ಅದರಲ್ಲಿ ಹಿಡಿಸಿದ್ದು ಹಾರುವ ಓತಿಯನ್ನು ಹುಡುಕುವ ಕುತೂಹಲ. ಇನ್ನೊಬ್ಬರಿಗೆ ಮಂದಣ್ಣ ಅನ್ನುವ ಪಾತ್ರ. ಮತ್ತೊಬ್ಬರಿಗೆ ಆ ನಗು. ಕೆಲವರಿಗೆ ಕಾಡು, ಮಳೆ, ತೋಟ, ಅಲ್ಲಿನ ಜನ. ನಾಲ್ಕೂ ಬೇರೆ ಬೇರೆ ಕಪಾಟಿಗೆ ಹೋಗುವ ದಾರಿ. ಹುಡುಕಾಟ ಹಿಡಿಸಿದವರಿಗೆ ತೇಜಸ್ವಿಯವರದ್ದೇ 'ಜುಗಾರಿ ಕ್ರಾಸ್' ಕೊಡಬಹುದು. ಮಲೆನಾಡಿನ ಜನರ ಬದುಕು ಬೇಕು ಅಂದವರಿಗೆ, ಟೈಮ್ ಇದೆ ಅಂತಾದರೆ, ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು'. ಅದನ್ನೇ ಬರೀ ನಗು ಬೇಕು ಅಂದವರ ಕೈಗೆ ಕೊಟ್ಟರೆ ಅವರು ಮತ್ತೆ ಆ ಅಂಗಡಿ ಕಡೆ ಬರುವುದು ಅನುಮಾನ. ಹಾಗಾಗಿ "ನನಗೆ ಕರ್ವಾಲೊ ಇಷ್ಟ, ಅದರಲ್ಲೂ ಮಂದಣ್ಣ" ಅಂತ ಹೇಳಿ. ಆ ಕೊನೇ ಎರಡು ಪದದಲ್ಲೇ ಕೆಲಸ ಆಗುತ್ತದೆ.

ಹೋಗುವ ಹೊತ್ತೂ ಮುಖ್ಯ. ಶನಿವಾರ ಸಂಜೆ ಬೇಡ. ನವೆಂಬರಿನ ರಾಜ್ಯೋತ್ಸವದ ರಿಯಾಯಿತಿ ದಿನಗಳೂ ಬೇಡ, ಆಗ ಬಿಲ್ ಹಾಕುವುದಕ್ಕೇ ಅವರಿಗೆ ಕೈ ಸಾಲುವುದಿಲ್ಲ. ವಾರದ ಮಧ್ಯೆ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅಥವಾ ಮಧ್ಯಾಹ್ನ ಊಟ ಆದ ಮೇಲೆ ಹೋಗಿ. ಕೆಲವರು ಭಾನುವಾರ ಬಾಗಿಲು ಹಾಕಿರುತ್ತಾರೆ, ಫೋನ್ ಮಾಡಿ ಹೊರಡಿ.

ನಾನು ಹೋಗುವ ಅಂಗಡಿಯ ಯಜಮಾನರು ಉತ್ತರ ಕೊಡುವ ರೀತಿ ನನಗೆ ತುಂಬಾ ಇಷ್ಟ. ಕೇಳಿದ ತಕ್ಷಣ ಹೇಳುವುದಿಲ್ಲ. ಕನ್ನಡಕ ಹಣೆಗೇರಿಸಿ, ಎದ್ದು, ಸ್ಟೂಲ್ ಎಳೆದುಕೊಂಡು ಮೇಲಿನ ಸಾಲಿಗೆ ಕೈ ಹಾಕುತ್ತಾರೆ. ಒಂದು ಪುಸ್ತಕ ಎಳೆದು, ಹೆಗಲ ಮೇಲಿನ ಟವೆಲಿನಿಂದ ಧೂಳು ಒರೆಸಿ, ಯಾವುದೋ ಪುಟ ತೆಗೆದು ಬೆರಳಿಟ್ಟು ಕೊಡುತ್ತಾರೆ. "ಇಲ್ಲಿಂದ ಎರಡು ಪುಟ ಓದಿ ಮೇಡಂ, ಹಿಡಿಸಿದ್ರೆ ತಗೊಳ್ಳಿ, ಇಲ್ಲಾಂದ್ರೆ ಅಲ್ಲೇ ಇಡಿ." ನಾನು ನಿಂತು ಓದುವಾಗ ಅವರು ನನ್ನ ಕಡೆ ನೋಡುವುದೂ ಇಲ್ಲ, ಚೀಟಿ ಬರೆಯುತ್ತಾ ಇರುತ್ತಾರೆ. ಆ ಎರಡು ಪುಟದ ಪುರುಸೊತ್ತು ಯಾವ ಆನ್‌ಲೈನ್ ಅಂಗಡಿಯೂ ಕೊಟ್ಟಿಲ್ಲ.

ಇದು ಹೊಸ ವಿಷಯ ಏನಲ್ಲ. ಬೆಂಗಳೂರಿನ ಪ್ರೀಮಿಯರ್ ಬುಕ್ ಶಾಪ್ ನೆನಪಿದೆಯಾ? ಟಿ.ಎಸ್. ಶಾನಭಾಗರು 1971ರಲ್ಲಿ ಶುರು ಮಾಡಿ 2009ರವರೆಗೆ ನಡೆಸಿದ ಅಂಗಡಿ. ಪುಸ್ತಕಗಳು ನೆಲದಿಂದ ಛಾವಣಿವರೆಗೆ ಪೇರಿಸಿಟ್ಟಿರುತ್ತಿದ್ದವು, ಇಬ್ಬರು ಎದುರುಬದುರು ಬಂದರೆ ಒಬ್ಬರು ಹಿಂದೆ ಸರಿಯಬೇಕಿತ್ತು. ಆದರೂ ಯಾವ ಪುಸ್ತಕ ಯಾವ ರಾಶಿಯಲ್ಲಿದೆ ಅಂತ ಅವರಿಗೆ ಗೊತ್ತಿತ್ತು, ಯಾರಿಗೆ ಯಾವುದು ಬೇಕಾಗಬಹುದು ಅಂತಲೂ ಗೊತ್ತಿತ್ತು. ಧಾರವಾಡದಲ್ಲಿ ಇನ್ನೂ ಹಿಂದಿನ ಕತೆ. ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಅನ್ನುವ ಪ್ರಕಾಶನ ಕಟ್ಟಿದಾಗ ಓದುಗರು ಮೊದಲೇ ಚಂದಾ ಕಟ್ಟುತ್ತಿದ್ದರು, ಮಾಲೆಯವರು ಆರಿಸಿದ ಪುಸ್ತಕಗಳು ಅವರ ಮನೆಗೆ ಬರುತ್ತಿದ್ದವು. ಏನು ಬರುತ್ತದೆ ಅಂತ ಗೊತ್ತಿಲ್ಲದೆ, ಆರಿಸುವವರ ಮೇಲೆ ನಂಬಿಕೆ ಇಟ್ಟು ದುಡ್ಡು ಕೊಡುವುದು ಅಂದರೆ ಸಣ್ಣ ಮಾತಲ್ಲ. ಮಾಲೆಯ ಕಚೇರಿ ಇದ್ದ ಮಹಡಿಗೆ 'ಅಟ್ಟ' ಅಂತಲೇ ಹೆಸರು, ಅಲ್ಲಿ ಲೇಖಕರೂ ಓದುಗರೂ ಕೂತು ಹರಟುತ್ತಿದ್ದರು. ಆಗಿನ್ನೂ ಹುಡುಗನಾಗಿದ್ದ ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ'ಯನ್ನು 1961ರಲ್ಲಿ ಅಚ್ಚು ಹಾಕಿ ಓದುಗರ ಮುಂದಿಟ್ಟಿದ್ದೂ ಇದೇ ಮಾಲೆ.

ಈಗ ಪುಸ್ತಕ ಕೈಗೆ ಬಂತು ಅಂದುಕೊಳ್ಳಿ. ಹೆಸರಿನ ಪುಟದ ಹಿಂಬದಿ ತೆಗೆಯಿರಿ, ಸಣ್ಣ ಅಕ್ಷರದಲ್ಲಿ ಒಂದಷ್ಟು ಸಾಲು ಇರುತ್ತವೆ: ಮೊದಲ ಮುದ್ರಣ, ಎರಡನೇ ಮುದ್ರಣ, ಪುಟಗಳು, ಪ್ರತಿಗಳು 1000, ಬಳಸಿದ ಕಾಗದ 70 ಜಿಎಸ್ಎಂ ಮ್ಯಾಪ್‌ಲಿಥೋ (ಅಂದರೆ ಕಾಗದದ ತೂಕ ಮತ್ತು ಬಗೆ), ಆಕಾರ ಡೆಮಿ 1/8 (ಪುಸ್ತಕದ ಅಳತೆ). ಇದನ್ನು ಯಾರೂ ಓದುವುದಿಲ್ಲ, ನೀವು ಓದಿ. 2011ರ ಜನಗಣತಿ ಪ್ರಕಾರ ಕನ್ನಡ ಮಾತೃಭಾಷೆಯವರು 4.37 ಕೋಟಿ, ಪುಸ್ತಕದ ಪ್ರತಿ ಸಾವಿರ, ಕೆಲವೊಮ್ಮೆ ಐನೂರು! ಮುದ್ರಣ ಒಂದೇ ಸಲ ಆಗಿದ್ದು, ಇಸವಿ ಹಳೆಯದಾಗಿದ್ದರೆ ನಿಮ್ಮ ಕೈಲಿರುವುದು ಆ ಅಂಗಡಿಯ ಕೊನೇ ಪ್ರತಿ ಆಗಿರಬಹುದು. ಮುಂದಿನ ವಾರ ಬಂದು ತಗೊಳ್ಳೋಣ ಅಂದುಕೊಂಡು ಬಿಟ್ಟುಬರಬೇಡಿ. ಹಾಗೆ ಬಿಟ್ಟು ಬಂದ ಒಂದು ಕಥಾಸಂಕಲನವನ್ನು ನಾನು ಇನ್ನೂ ಹುಡುಕುತ್ತಿದ್ದೇನೆ.

ಮುನ್ನುಡಿಯನ್ನು ಮೊದಲು ಓದಬೇಡಿ. ಇದು ನನ್ನ ಗಟ್ಟಿ ಅಭಿಪ್ರಾಯ. ನಮ್ಮಲ್ಲಿ ಮುನ್ನುಡಿ ಬರೆಯುವ ಹಿರಿಯರು ಕತೆ ಪೂರ್ತಿ ಬಿಚ್ಚಿಟ್ಟು, ಯಾರು ಸಾಯುತ್ತಾರೆ ಅಂತಲೂ ಹೇಳಿ, ಆಮೇಲೆ ಶುಭ ಹಾರೈಸುತ್ತಾರೆ. ಕತೆ ಮುಗಿದ ಮೇಲೆ ಓದಿದರೆ ಅದೇ ಮುನ್ನುಡಿ ಎಷ್ಟು ಚೆನ್ನಾಗಿರುತ್ತದೆ ಗೊತ್ತಾ! ಅಂಗಡಿಯಲ್ಲಿ ನಿಂತು ಮೊದಲ ಪುಟ ಓದಿ, ಮಧ್ಯದ್ದೊಂದು ಪುಟ ಓದಿ, ಅಷ್ಟು ಸಾಕು.

ಭಾಷೆಯ ಭಯ ಇದ್ದರೆ ಅದನ್ನೂ ಬಾಯಿಬಿಟ್ಟು ಹೇಳಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರಿಗೆ, ಹೊರದೇಶದಲ್ಲಿ ಬೆಳೆದವರಿಗೆ ಸಣ್ಣ ಕತೆಗಳಿಂದ ಶುರು ಮಾಡುವುದು ಒಳ್ಳೆಯದು, ಒಂದು ಕತೆ ಒಂದು ರಾತ್ರಿಗೆ ಮುಗಿಯುತ್ತದೆ. ಆಡುಭಾಷೆಯ ಪುಸ್ತಕ ಕೊಟ್ಟರೆ ಹೇಗೆ ಓದಬೇಕು ಅಂತ ಕೇಳಿ. ದೇವನೂರ ಮಹಾದೇವರ 'ಕುಸುಮಬಾಲೆ' ನಂಜನಗೂಡು ಕಡೆಯ ಮಾತಿನಲ್ಲಿದೆ, ಕಣ್ಣಲ್ಲಿ ಓದಿದರೆ ನನಗೆ ತಲೆಗೆ ಹೋಗಲೇ ಇಲ್ಲ. "ಗಟ್ಟಿಯಾಗಿ ಓದಿ ಮೇಡಂ, ಕಿವಿಗೆ ಅರ್ಥ ಆಗುತ್ತೆ" ಅಂದರು ಯಜಮಾನರು. ಅಡುಗೆಮನೆಯಲ್ಲಿ ಕೂತು ಅಮ್ಮನಿಗೆ ಓದಿ ಹೇಳಿದೆ, ಆಗ ತೆರೆದುಕೊಂಡಿತು.

ಅಂಗಡಿಯವರಿಗೆ ಗೊತ್ತಿದ್ದು ಬೇರೆಡೆ ಸಿಗದೇ ಇರುವ ಇನ್ನೊಂದು ವಿಷಯ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ, ಅನುವಾದಕಿ ದೀಪಾ ಭಾಸ್ತಿ ಅವರ ಜೊತೆ, 'ಹಾರ್ಟ್ ಲ್ಯಾಂಪ್' ಅನ್ನುವ ಇಂಗ್ಲಿಷ್ ಪುಸ್ತಕಕ್ಕೆ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂತು. ಎಲ್ಲರೂ "ಅದರ ಕನ್ನಡ ಕೊಡಿ" ಅಂತ ಕೇಳತೊಡಗಿದರು. ಆದರೆ ಅದು ಒಂದು ಕನ್ನಡ ಪುಸ್ತಕದ ಅನುವಾದ ಅಲ್ಲ. 1990ರಿಂದ 2023ರ ನಡುವೆ ಬರೆದ ಕತೆಗಳಲ್ಲಿ ಹನ್ನೆರಡನ್ನು ಆರಿಸಿ ಮಾಡಿದ ಸಂಕಲನ. ಹಾಗಾಗಿ ಕೇಳಬೇಕಾದ್ದು "ಬಾನು ಅವರ ಕತೆಗಳು ಒಟ್ಟಾಗಿ ಇರುವ ಪುಸ್ತಕ ಯಾವುದಿದೆ?" ಅಂತ. ಇದನ್ನು ನಿಂತಲ್ಲೇ ಬಿಡಿಸಿ ಹೇಳುವವರು ಆ ಕಪಾಟಿನ ಮುಂದೆ ದಿನವೂ ಓಡಾಡುವವರು.

ದುಡ್ಡಿನ ವಿಷಯ ನೇರವಾಗಿ ಹೇಳಿಬಿಡುತ್ತೇನೆ. ಅರ್ಧ ಗಂಟೆ ಮಾತಾಡಿಸಿ, ಮುಖಪುಟದ ಫೋಟೊ ತೆಗೆದುಕೊಂಡು, ಹೊರಗೆ ಬಂದು ಮೊಬೈಲಲ್ಲಿ ಆರ್ಡರ್ ಮಾಡುವುದು ತಪ್ಪು. ಅವರು ಕೊಟ್ಟ ಸಲಹೆಗೆ ಬೇರೆ ಬಿಲ್ ಇಲ್ಲ, ಪುಸ್ತಕದ ಬೆಲೆಯಲ್ಲೇ ಅದೂ ಸೇರಿದೆ. ಒಂದಾದರೂ ಕೊಳ್ಳಿ. ಚೌಕಾಸಿ ಬೇಡ, ಖಾಯಂ ಗಿರಾಕಿ ಆದ ಮೇಲೆ ಅವರಾಗಿಯೇ ಬಿಡುತ್ತಾರೆ. ಬೇಕಾದ ಪುಸ್ತಕ ಇಲ್ಲ ಅಂದರೆ ಚೀಟಿಯಲ್ಲಿ ಪುಸ್ತಕದ ಹೆಸರು, ಲೇಖಕರು, ನಿಮ್ಮ ನಂಬರ್ ಬರೆದು ಕೊಡಿ, ತರಿಸುತ್ತಾರೆ. ತರಿಸಿದ ಮೇಲೆ ಹೋಗಿ ತಗೊಳ್ಳಿ, ದಯವಿಟ್ಟು. ಮಕ್ಕಳನ್ನು ಕರೆದುಕೊಂಡು ಹೋದರೆ ಕೆಳಗಿನ ಸಾಲಿನ ಮುಂದೆ ಕೂರಿಸಿ ಸುಮ್ನೆ ಬಿಟ್ಟುಬಿಡಿ, ಅವರು ಆರಿಸಿದ್ದನ್ನೇ ಕೊಡಿಸಿ.

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಓದಿದ ಮೇಲಿನದು. ವಾಪಸ್ ಹೋಗಿ ಹೇಗಿತ್ತು ಅಂತ ಹೇಳಬೇಕು, ಹಿಡಿಸದಿದ್ದರೆ ಮರೆಯದೆ ಹೇಳಬೇಕು. ನಾನು ಒಮ್ಮೆ ದಾಕ್ಷಿಣ್ಯಕ್ಕೆ "ಚೆನ್ನಾಗಿತ್ತು" ಅಂದೆ. ಅವರು ಖುಷಿಯಿಂದ ಅಂಥದ್ದೇ ಇನ್ನೆರಡು ಎತ್ತಿಟ್ಟರು, ಎರಡೂ ನನಗೆ ಆಗಲಿಲ್ಲ. ತಪ್ಪು ನನ್ನದು. ಆಮೇಲಿಂದ ನಿಜ ಹೇಳುತ್ತೇನೆ: "ಮೊದಲರ್ಧ ಹಿಡಿಸ್ತು ಸರ್, ಆಮೇಲೆ ಭಾಷಣ ಜಾಸ್ತಿ ಆಯ್ತು." ಅವರು "ಹ್ಞೂಂ" ಅಂತ ತಲೆಯಾಡಿಸುತ್ತಾರೆ, ಬೇಜಾರು ಮಾಡಿಕೊಳ್ಳುವುದಿಲ್ಲ. ನಾಲ್ಕೈದು ಸಲ ಹೀಗೆ ಆದ ಮೇಲೆ ನನಗೆ ಕೇಳುವ ಕೆಲಸವೇ ಉಳಿಯಲಿಲ್ಲ. ಮೆಟ್ಟಿಲು ಹತ್ತುವಾಗಲೇ ಗಲ್ಲಾದ ಕೆಳಗಿನಿಂದ ರಬ್ಬರ್ ಬ್ಯಾಂಡ್ ಹಾಕಿದ ಒಂದು ಪುಸ್ತಕ ಹೊರಗೆ ಬರುತ್ತದೆ, ಮೇಲೆ ಚೀಟಿಯಲ್ಲಿ ನನ್ನ ಹೆಸರು ಇರುತ್ತದೆ.

ದೂರದಲ್ಲಿರುವವರು, ಅಮೆರಿಕದಲ್ಲೋ ದುಬೈನಲ್ಲೋ ಇರುವವರು ಇದನ್ನೇ ಫೋನಲ್ಲಿ ಮಾಡಬಹುದು. ಬಹಳಷ್ಟು ಅಂಗಡಿಯವರು ವಾಟ್ಸಾಪಿನಲ್ಲಿ ಇದ್ದಾರೆ. ಬರೀ ಪಟ್ಟಿ ಕಳಿಸಬೇಡಿ, ಇಷ್ಟವಾದ ಒಂದು, ಬಿಟ್ಟ ಒಂದು, ಯಾಕೆ ಅಂತ ಒಂದು ಸಾಲು ಬರೆಯಿರಿ, ಅಥವಾ ವಾಯ್ಸ್ ಮೆಸೇಜ್ ಹಾಕಿ. ಅಂಚೆ ಖರ್ಚು ಎಷ್ಟು ಅಂತ ಮೊದಲೇ ಕೇಳಿಕೊಳ್ಳಿ, ಹೊರದೇಶಕ್ಕಾದರೆ ಅದು ಪುಸ್ತಕದ ಬೆಲೆಯನ್ನೂ ಮೀರುತ್ತದೆ. ಊರಿಂದ ಯಾರಾದರೂ ಬರುವವರಿದ್ದರೆ ಅವರ ಮನೆ ವಿಳಾಸಕ್ಕೆ ಕಳಿಸೋಕೆ ಹೇಳಿ, ಸೂಟ್‌ಕೇಸಿನಲ್ಲಿ ಚಟ್ನಿಪುಡಿ ಪಕ್ಕ ನಾಲ್ಕು ಪುಸ್ತಕಕ್ಕೆ ಜಾಗ ಆಗುತ್ತದೆ.