ಜಾತ್ರೆಯ ಬೀದಿಯಲ್ಲಿ ಹಾಡಲು ಕೂರುವ ಮುನ್ನ

ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ, ಶಿವಮೊಗ್ಗದ ಕೋಟೆ ಮಾರಿಕಾಂಬೆಯದು ಎರಡು ವರ್ಷಕ್ಕೊಮ್ಮೆ ಬರುತ್ತದೆ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ ವರ್ಷವೂ ಇದೆ. ಈ ಬೀದಿಗಳಲ್ಲಿ ಹಾರ್ಮೋನಿಯಂ ಇಟ್ಟುಕೊಂಡು ಜನಪದ ಗೀತೆ ಹಾಡುವ ನನ್ನನ್ನು ಹೊಸ ಹುಡುಗರು ಮೊದಲು ಕೇಳುವುದು ಎಷ್ಟು ದೊಡ್ಡ ಸ್ಪೀಕರ್ ಬೇಕು ಎಂದು. ಕೇಳಬೇಕಾದದ್ದು ಎಲ್ಲಿ ಕೂರಬೇಕು ಎಂದು.

ಗುಡಿಯ ಎದುರು, ದರ್ಶನದ ಸಾಲಿನ ಪಕ್ಕ ಕೂರುವ ಆಸೆ ಎಲ್ಲರಿಗೂ ಇರುತ್ತದೆ. ಸಾಲಿನಲ್ಲಿ ನಿಂತವರ ಒಂದು ಕೈಯಲ್ಲಿ ಹಣ್ಣುಕಾಯಿ, ಇನ್ನೊಂದರಲ್ಲಿ ಮಗು. ಅವರು ಹಾಡು ಕೇಳಿಯಾರು, ಜೇಬಿಗೆ ಕೈ ಹಾಕಲಾರರು. ದರ್ಶನ ಮುಗಿಸಿ, ಚಪ್ಪಲಿ ಮೆಟ್ಟಿಕೊಂಡು, ಹಿಂದೆ ಉಳಿದ ಅತ್ತೆಗೋ ನಾದಿನಿಗೋ ಜನ ಕಾಯುವ ಜಾಗವೊಂದು ಇದ್ದೇ ಇರುತ್ತದೆ. ಅದನ್ನು ಹುಡುಕಿ. ಕಾಯುವವರೇ ನಮ್ಮ ಶ್ರೋತೃಗಳು. ಮೊಮ್ಮಕ್ಕಳನ್ನು ಜಾತ್ರೆಯ ತಿರುಗುವ ತೊಟ್ಟಿಲಿಗೆ ಹತ್ತಿಸಿ ಕೆಳಗೆ ನಿಂತ ಅಜ್ಜಂದಿರೂ ಕಾಯುವವರೇ, ಆದರೆ ಅಲ್ಲಿ ಜನರೇಟರ್ ಸದ್ದು. ಯಕ್ಷಗಾನದ ಟೆಂಟಿನಿಂದಲೂ ದೂರವಿರಿ. ಚೆಂಡೆಯೊಡನೆ ಜಿದ್ದಿಗೆ ಬಿದ್ದು ಗೆದ್ದವರನ್ನು ನಾನು ಕಂಡಿಲ್ಲ.

ಸಾಗರದಲ್ಲಿ ಅಮ್ಮನಿಗೆ ತವರುಮನೆ, ಗಂಡನ ಮನೆ ಎಂದು ಎರಡು ಗುಡಿಗಳಿವೆ. ಮೊದಲ ದಿನ ತವರಿನಲ್ಲಿದ್ದು ರಾತ್ರಿ ಮೆರವಣಿಗೆಯಲ್ಲಿ ಗಂಡನ ಮನೆಗೆ ಹೊರಡುತ್ತಾಳೆ. ಜನವೂ ಅವಳ ಹಿಂದೆಯೇ. ಮರುದಿನವೂ ಹಳೆಯ ಜಾಗವನ್ನೇ ನೆಚ್ಚಿಕೊಂಡರೆ ಕಾಗೆಗಳಿಗೆ ಹಾಡಬೇಕಾದೀತು.

ಖಾಲಿ ಕಂಡ ಜಾಗವೆಲ್ಲ ಖಾಲಿಯಲ್ಲ, ಅದನ್ನು ಯಾರೋ ಮಳಿಗೆಗೆಂದು ಹಿಡಿದಿರುತ್ತಾರೆ. ಹಾಗಾಗಿ ಜಾತ್ರಾ ಸಮಿತಿಯವರನ್ನು ಮೊದಲೇ ಕಂಡು ಕೇಳಿ. ಸ್ಪೀಕರ್ ಇಡುವುದಾದರೆ ಲಿಖಿತ ಅನುಮತಿ ಪಡೆದು ಹಾಳೆಯನ್ನು ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳಿ. 2000ದ ಶಬ್ದ ಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು; ಹಬ್ಬದ ದಿನಗಳಿಗೆ ಸರ್ಕಾರ ಸಡಿಲಿಕೆ ಕೊಟ್ಟರೂ ಅದು ಮಧ್ಯರಾತ್ರಿಯವರೆಗೆ ಮಾತ್ರ.

ಸಮಿತಿಗಿಂತ ದೊಡ್ಡ ಅನುಮತಿ ಪಕ್ಕದ ಬಳೆ ಅಂಗಡಿಯವರದು. ದಾರಿಹೋಕರು ಎರಡು ಹಾಡಿಗಿಂತ ಹೆಚ್ಚು ನಿಲ್ಲುವುದಿಲ್ಲ, ಆದ್ದರಿಂದ ಐದಾರು ಹಾಡು ಗಟ್ಟಿಯಿದ್ದರೆ ದಿನ ಕಳೆಯಬಹುದು. ಆದರೆ ಆ ಐದಾರನ್ನೇ ಬೆಳಗಿನಿಂದ ರಾತ್ರಿಯವರೆಗೆ ಕೇಳುವ ಶಿಕ್ಷೆ ಆ ಬಳೆಗಾರ್ತಿಗೆ. ಹಾಡಿನ ಸರದಿ ಬದಲಿಸಿ, ಮೂರು ಹಾಡಿಗೊಮ್ಮೆ ಬಿಡುವು ಕೊಡಿ, ಆಕೆ ಗಿರಾಕಿಯೊಡನೆ ಚೌಕಾಸಿಗೆ ನಿಂತಾಗ ದನಿ ತಗ್ಗಿಸಿ. ಆಕೆ ಗೊಣಗಿದರೆ ಮರುದಿನ ನಿಮಗೆ ಜಾಗವಿಲ್ಲ. ಆಕೆಯೇ ಒಂದು ಸೋಬಾನೆ ಪದ ಹೇಳಿದಳೆಂದರೆ ಸುತ್ತಲಿನ ಹೆಂಗಸರೆಲ್ಲ ದನಿಗೂಡಿಸುತ್ತಾರೆ, ಆಗ ನೀವು ಬರೀ ಶ್ರುತಿ ಹಿಡಿದರೆ ಸಾಕು.

ಬಯಲೆಂದು ಶ್ರುತಿ ಏರಿಸಬೇಡಿ. ಮನೆಯಲ್ಲಿ ಬಿಳಿ ಎರಡರಲ್ಲಿ, ಅಂದರೆ ಹಾರ್ಮೋನಿಯಂನ ಎರಡನೇ ಬಿಳಿ ಮನೆಯ ಶ್ರುತಿಯಲ್ಲಿ, ಹಾಡುವವರು ಇಲ್ಲಿ ಬಿಳಿ ಒಂದಕ್ಕೆ ಇಳಿದರೆ ಸಂಜೆಯವರೆಗೆ ಗಂಟಲು ಉಳಿಯುತ್ತದೆ. ಒಬ್ಬರೇ ಹೋಗುವುದೂ ತರವಲ್ಲ. ದೀಪಾವಳಿಯಲ್ಲಿ ದೀಪ ಹಿಡಿದು ಮನೆಮನೆಗೆ ಬರುವ ನಮ್ಮ ಅಂಟಿಗೆ ಪಂಟಿಗೆಯವರನ್ನು ನೋಡಿ: ಮುಮ್ಮೇಳದವರು ಹೇಳಿದ ಸಾಲನ್ನು ಹಿಮ್ಮೇಳದವರು ಎತ್ತಿಕೊಳ್ಳುತ್ತಾರೆ. ರಾತ್ರಿಯಿಡೀ ಊರು ಸುತ್ತಿ ಹಾಡುವ ಶಕ್ತಿಯ ಗುಟ್ಟು ಅದೇ. ಜೊತೆಗೆ ದಮ್ಮಡಿ ಎಂಬ ಚರ್ಮವಾದ್ಯ ಬಾರಿಸುವವನಿಗೆ ಸಾಲು ಎತ್ತಿಕೊಳ್ಳುವುದನ್ನು ಕಲಿಸಿ.

ಮಾರಿ ಜಾತ್ರೆ ಬರುವ ಬೇಸಿಗೆಯ ಬಾಗಿಲಲ್ಲಿ ಧೂಳು ಹಾರ್ಮೋನಿಯಂ ಒಳಹೊಕ್ಕು ಒಂದೊಂದು ಸ್ವರವನ್ನೇ ಮೂಕಾಗಿಸುತ್ತದೆ. ಹಾಡದಿರುವಾಗ ಬಟ್ಟೆ ಮುಚ್ಚಿ. ಎಳ್ಳಮಾವಾಸ್ಯೆಯಲ್ಲಿ ತೊಂದರೆ ಬೇರೆ. ತುಂಗೆಯ ದಡದ ಇಬ್ಬನಿಗೆ ದಮ್ಮಡಿಯ ಚರ್ಮ ಸಡಿಲಗೊಂಡು ಪೆಟ್ಟು ಸತ್ತುಹೋಗುತ್ತದೆ. ಜೋಳ ಸುಡುವವನ ಕೆಂಡಕ್ಕೆ ಮೊಳ ದೂರದಿಂದ ತೋರಿಸಿ. ಅವಸರಪಟ್ಟು ಹತ್ತಿರ ಹಿಡಿದರೆ ಬಿರಿಯುತ್ತದೆ.

ತಟ್ಟೆಯಲ್ಲಿ ಮೊದಲೇ ಹತ್ತು, ಇಪ್ಪತ್ತರ ಕೆಲವು ನೋಟು ಇಡಿ. ಬರೀ ನಾಣ್ಯವಿದ್ದರೆ ನಾಣ್ಯವೇ ಬೀಳುತ್ತದೆ. ಕ್ಯೂಆರ್ ಹಾಳೆ ದೊಡ್ಡದಾಗಿರಲಿ, ಹಣ ಬಂತೆಂದು ಕೂಗುವ ಪೆಟ್ಟಿಗೆ ಮಾತ್ರ ಬೇಡ. ಪಲ್ಲವಿಯ ನಡುವೆ ಅದು ಹತ್ತು ರೂಪಾಯಿ ಎಂದು ಅರಚಿದರೆ ಕೊಟ್ಟವರಿಗೇ ಮುಜುಗರ. ಪಾಲಿನ ಮಾತು ಮನೆ ಬಿಡುವ ಮೊದಲೇ ಮುಗಿದಿರಲಿ. ನಮ್ಮಲ್ಲಿ ದಮ್ಮಡಿಯವನಿಗೂ ಸಮಪಾಲು, ಬಸ್ಸಿನ ಚಾರ್ಜು ಮತ್ತು ಊಟದ ಖರ್ಚು ಒಟ್ಟು ಹಣದಿಂದ.