ಪ್ರೊಸೆಸರಿಗಿಂತ ಮೊದಲು ಮೋಡೆಮ್: ಓಪನ್ ಸೋರ್ಸ್ ಫೋನ್ ಕಟ್ಟಹೊರಟವರಿಗೆ

ಸುರತ್ಕಲ್ಲಿನಲ್ಲೋ ಮಣಿಪಾಲದಲ್ಲೋ ಎಂಜಿನಿಯರಿಂಗ್ ಓದುತ್ತ, ಕೊನೆಯ ವರ್ಷದ ಪ್ರಾಜೆಕ್ಟಿಗೆ ಓಪನ್ ಸೋರ್ಸ್ (ಮುಕ್ತ) ಮೊಬೈಲ್ ಫೋನೊಂದನ್ನು ಕಟ್ಟಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಪ್ರೊಸೆಸರ್ ಹುಡುಕುತ್ತಾರೆ. ಈ ಕ್ರಮವನ್ನು ತಿರುಗಿಸಬೇಕೆಂಬುದು ನನ್ನ ಸಲಹೆ. ಪ್ರೊಸೆಸರ್ ನಿಧಾನವಾಗಿದ್ದರೆ ಜನ ಗೊಣಗುತ್ತಲೇ ಬಳಸುತ್ತಾರೆ. ಬಂದ ಕರೆಗೆ ರಿಂಗ್ ಆಗದ, ಮಧ್ಯಾಹ್ನಕ್ಕೇ ಚಾರ್ಜ್ ಮುಗಿಯುವ ಫೋನನ್ನು ಯಾರೂ ಕಿಸೆಯಲ್ಲಿಟ್ಟುಕೊಳ್ಳುವುದಿಲ್ಲ. ಆದ್ದರಿಂದ ಮೊದಲು ಫೋನನ್ನು ಮೊಬೈಲ್ ಜಾಲಕ್ಕೆ ಜೋಡಿಸುವ ಮೋಡೆಮ್, ಆಮೇಲೆ ಬಳಸದಿರುವಾಗ ಚಾರ್ಜ್ ಉಳಿಸುವ ನಿದ್ರಾಸ್ಥಿತಿ, ಅನಂತರ ಪ್ರೊಸೆಸರ್ ಎಂಬ ಕ್ರಮದಲ್ಲಿ ನಿರ್ಧಾರಗಳನ್ನು ಕೈಗೊಳ್ಳುವುದು ಒಳ್ಳೆಯದು.

ಮೋಡೆಮ್

ಭಾರತದಲ್ಲಿ ಬಳಸುವ ಫೋನಿಗೆ ಮೋಡೆಮ್ ಆರಿಸುವಾಗ ಡೇಟಾ ವೇಗಕ್ಕಿಂತ ಮುಂಚೆ ಬ್ಯಾಂಡುಗಳನ್ನೂ (ಜಾಲ ಬಳಸುವ ಆವರ್ತನ ಪಟ್ಟಿಗಳು) ವೋಲ್ಟಿಯನ್ನೂ (4ಜಿ ಜಾಲದ ಮೂಲಕವೇ ಕರೆ ಮಾಡುವ ವಿಧಾನ) ನೋಡಬೇಕು. ಜಿಯೋ ಜಾಲದಲ್ಲಿ 2ಜಿ, 3ಜಿ ಎರಡೂ ಇಲ್ಲ. ಅದರ 4ಜಿ ಸೇವೆ 3, 5 ಮತ್ತು 40ನೆಯ ಬ್ಯಾಂಡುಗಳಲ್ಲಿದ್ದು, 4ಜಿ ಫೋನಿನಿಂದ ಸಾಮಾನ್ಯ ಕರೆ ಹೋಗಲು ವೋಲ್ಟಿಯೊಂದೇ ದಾರಿ. ಹೀಗಾಗಿ ಇಂಟರ್ನೆಟ್ ಚೆನ್ನಾಗಿ ಓಡುತ್ತಿದ್ದರೂ ಕರೆ ಮಾಡಲಾಗದ ಫೋನು ತಯಾರಾಗಿಬಿಡುವ ಅಪಾಯ ನಿಜವಾಗಿಯೂ ಇದೆ. ಲಿನಕ್ಸ್ ಓಡಿಸುವ ಪೈನ್‌ಫೋನ್ ಎಂಬ ಮೊಬೈಲಿನಲ್ಲಿರುವ ಕ್ವೆಕ್ಟೆಲ್ ಇಜಿ25-ಜಿ ಮೋಡೆಮ್ ಈ ಮೂರೂ ಬ್ಯಾಂಡುಗಳಲ್ಲಿ ಕೆಲಸ ಮಾಡುತ್ತದೆ, ಆದರೆ ವೋಲ್ಟಿ ಕರೆಗೆ ಸೇವಾದಾರರಿಗೆ ತಕ್ಕ ಪ್ರೊಫೈಲ್ ಮೋಡೆಮಿನೊಳಗೆ ಸಕ್ರಿಯವಾಗಿರಬೇಕಾಗುತ್ತದೆ. ಸರ್ಕ್ಯೂಟ್ ಬೋರ್ಡಿನ ನಕ್ಷೆ ಬರೆಯುವ ಮೊದಲೇ ಮೋಡೆಮನ್ನು ಯುಎಸ್‌ಬಿ ಅಡಾಪ್ಟರಿನ ಮೂಲಕ ಲ್ಯಾಪ್‌ಟಾಪಿಗೆ ಜೋಡಿಸಿ, ಮೋಡೆಮಿಗೆ ಆದೇಶ ಕೊಡುವ ಎಟಿ ಕಮಾಂಡುಗಳಿಂದ ಈ ಪ್ರೊಫೈಲನ್ನು ಪರಿಶೀಲಿಸಿ, ಮಂಗಳೂರು ನಗರದ ಹಂಪನಕಟ್ಟೆಯಲ್ಲೂ ಚಾರ್ಮಾಡಿ ಘಾಟಿಯಲ್ಲೂ ಒಂದೊಂದು ಕರೆ ಮಾಡಿ ನೋಡಿ. ಈ ಪರೀಕ್ಷೆ ದಾಟದ ಮೋಡೆಮಿನ ಸುತ್ತ ಬೋರ್ಡ್ ಕಟ್ಟುವುದು ವ್ಯರ್ಥ ಶ್ರಮ.

4ಜಿ ಮೋಡೆಮಿನ ಒಳಗೆ ಜಾಲದೊಂದಿಗೆ ಸಂವಹನ ನಡೆಸುವ ಬೇಸ್‌ಬ್ಯಾಂಡ್ ತಂತ್ರಾಂಶ ಮುಕ್ತವಾಗಿ ಸಿಗುವುದಿಲ್ಲ. ಇದನ್ನು ಮರೆಮಾಚಿ ‘ಪೂರ್ತಿ ಮುಕ್ತ’ ಎಂದು ಹೇಳಿಕೊಳ್ಳುವ ಬದಲು, ಆ ಮುಚ್ಚಿದ ಭಾಗವನ್ನು ಎಲ್ಲಿ ಕೂರಿಸಬೇಕು ಎಂದು ಯೋಚಿಸಬೇಕು. ಮಾರುಕಟ್ಟೆಯ ಹೆಚ್ಚಿನ ಸ್ಮಾರ್ಟ್‌ಫೋನುಗಳಲ್ಲಿ ಮೋಡೆಮ್ ಮುಖ್ಯ ಚಿಪ್ಪಿನೊಳಗೇ ಇದ್ದು, ಅದರ ಮೆಮೊರಿಯನ್ನು ಹಂಚಿಕೊಳ್ಳುತ್ತದೆ. ಪೈನ್‌ಫೋನ್ ಮತ್ತು ಅದರಂತೆಯೇ ಲಿನಕ್ಸ್ ಓಡಿಸುವ ಲಿಬ್ರೆಮ್ 5 ಫೋನ್ ಎರಡರಲ್ಲೂ ಅದು ಯುಎಸ್‌ಬಿಯ ಆಚೆ ಪ್ರತ್ಯೇಕವಾಗಿ ಕುಳಿತಿರುವುದರಿಂದ ಮುಖ್ಯ ಮೆಮೊರಿಯನ್ನು ನೇರವಾಗಿ ಓದಲು ಅದಕ್ಕೆ ದಾರಿಯಿಲ್ಲ. ಲಿಬ್ರೆಮ್ 5 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮೋಡೆಮನ್ನು ಕಳಚಬಹುದಾದ ಎಂ.2 ಕಾರ್ಡಿನಲ್ಲಿ ಇಟ್ಟಿದೆ. ಫೋನು ತುಸು ದಪ್ಪವಾದರೂ ನಾನು ಇದನ್ನೇ ಆರಿಸುತ್ತೇನೆ, ಏಕೆಂದರೆ ಜಾಲಗಳು ಬದಲಾಗುತ್ತವೆ: 2008ರಲ್ಲಿ ಬಂದ ಓಪನ್‌ಮೋಕೋ ನಿಯೋ ಫ್ರೀರನ್ನರ್ ಎಂಬ ಮುಕ್ತ ಫೋನಿನಲ್ಲಿ 2ಜಿ ಮಾತ್ರ ಇತ್ತು, ಅದರ ಮೋಡೆಮನ್ನು ಕಳಚಿ ಬೇರೆಯದನ್ನು ಹಾಕುವಂತಿರಲಿಲ್ಲ.

ಮೋಡೆಮ್, ಮೈಕ್ ಮತ್ತು ಕ್ಯಾಮೆರಾಗಳಿಗೆ ಹಾರ್ಡ್‌ವೇರ್ ಸ್ವಿಚ್ ಇಡುವುದಾದರೆ ಆ ಸ್ವಿಚ್ಚು ನಿಜವಾಗಿ ವಿದ್ಯುತ್ತನ್ನೇ ಕಡಿಯಬೇಕು. ಆಪರೇಟಿಂಗ್ ಸಿಸ್ಟಮಿಗೆ ಸೂಚನೆ ಕಳುಹಿಸುವ ಗುಂಡಿಯಿಂದ ಆ ಭದ್ರತೆ ಸಿಗದು. ಪೈನ್‌ಫೋನಿನಂತೆ ಹಿಂಬದಿಯ ಮುಚ್ಚಳದೊಳಗೆ ಪುಟ್ಟ ಸ್ವಿಚ್ಚುಗಳನ್ನಿಟ್ಟರೆ ಖರ್ಚು ಕಡಿಮೆ, ಲಿಬ್ರೆಮ್ 5ರಂತೆ ಹೊರಗಿಟ್ಟರೆ ಬಳಕೆ ಹೆಚ್ಚು. ಇಲ್ಲಿ ಕರಾವಳಿಯವರು ಗಮನಿಸಬೇಕಾದ ಒಂದು ಸಂಗತಿಯಿದೆ. ಪೈನ್‌ಫೋನಿನ ಜಿಪಿಎಸ್ ಮೋಡೆಮಿನೊಳಗೇ ಇರುವುದರಿಂದ ಸ್ವಿಚ್ಚಿನಿಂದ ಮೋಡೆಮನ್ನು ಬಂದ್ ಮಾಡಿದರೆ ಅದೂ ಹೋಗುತ್ತದೆ. ಮಲ್ಪೆಯಿಂದ ಆಳಸಮುದ್ರಕ್ಕೆ ಹೋಗುವ ಬೋಟಿನಲ್ಲಿ ಟವರ್ ಸಿಗದು. ಮೋಡೆಮ್ ಸುಮ್ಮನೆ ಸಿಗ್ನಲ್ ಹುಡುಕುತ್ತ ಬ್ಯಾಟರಿ ತಿನ್ನುತ್ತದೆ, ಆದರೆ ಸ್ಥಾನ ಮಾತ್ರ ತಿಳಿಯಲೇಬೇಕು. ಅಂಥ ಬಳಕೆದಾರರನ್ನು ಮನಸ್ಸಿನಲ್ಲಿಟ್ಟುಕೊಂಡರೆ ಲಿಬ್ರೆಮ್ 5ರಲ್ಲಿರುವಂತೆ ಜಿಪಿಎಸ್‌ಗೆ ಬೇರೆಯೇ ಚಿಪ್ ಹಾಕುವುದು ಸರಿಯಾದ ಆಯ್ಕೆ.

ವಿದ್ಯುತ್ ಪೂರೈಕೆಯಲ್ಲಿ ಜಿಪುಣತನ ಬೇಡ. 4ಜಿ ಪ್ರಸಾರದ ಗರಿಷ್ಠ ಶಕ್ತಿ ಸಾಮಾನ್ಯವಾಗಿ 23 ಡಿಬಿಎಂ, ಅಂದರೆ ಸುಮಾರು 200 ಮಿಲಿವ್ಯಾಟ್. 900 ಮೆಗಾಹರ್ಟ್ಸಿನ 2ಜಿಯಲ್ಲಿ ಅದು ಕ್ಷಣಕಾಲ 2 ವ್ಯಾಟ್ ಮುಟ್ಟಬಹುದು. ಘಾಟಿಯಲ್ಲಿ ಸಿಗ್ನಲ್ ಕ್ಷೀಣಿಸಿದಷ್ಟೂ ಮೋಡೆಮ್ ಈ ಮಿತಿಯ ಹತ್ತಿರ ಹೋಗುತ್ತದೆ. 2 ಆಂಪಿಯರ್ ಕೊಡಬಲ್ಲ ದಾರಿ, ಮೋಡೆಮಿನ ಪಿನ್ನುಗಳ ಪಕ್ಕದಲ್ಲೇ 100 ಮೈಕ್ರೋಫ್ಯಾರಡಿನ ಒಳ್ಳೆಯ ಕೆಪಾಸಿಟರ್, ಆಂಟೆನಾದವರೆಗೆ 50 ಓಮಿನ ಗೆರೆ ಇವಿಷ್ಟನ್ನು ಬಿಟ್ಟುಕೊಡದೆ ಪಾಲಿಸಬೇಕು.

ನಿದ್ರಾಸ್ಥಿತಿ ಮತ್ತು ಪ್ರೊಸೆಸರ್

ಒಂದು ಸಣ್ಣ ಲೆಕ್ಕ ಮಾಡೋಣ. 3,000 ಎಂಎಎಚ್ ಬ್ಯಾಟರಿಯಲ್ಲಿ 3.8 ವೋಲ್ಟಿನ ಲೆಕ್ಕಕ್ಕೆ 11.4 ವ್ಯಾಟ್-ಗಂಟೆ ಶಕ್ತಿಯಿರುತ್ತದೆ. ಸುಮ್ಮನಿರುವಾಗ ಬೋರ್ಡು 2 ವ್ಯಾಟ್ ಎಳೆದರೆ ಆರು ಗಂಟೆಯೂ ಬಾಳದು, ನಿದ್ರಾಸ್ಥಿತಿಯಲ್ಲಿ 0.1 ವ್ಯಾಟಿಗೆ ಇಳಿದರೆ ನಾಲ್ಕು ದಿನ ದಾಟುತ್ತದೆ. ಸುಲಭವಾಗಿ ಸಿಗುತ್ತದೆಂದು ರಾಸ್ಪ್‌ಬೆರಿ ಪೈ ಕಂಪ್ಯೂಟ್ ಮಾಡ್ಯೂಲ್ 4 ಆರಿಸಿಕೊಳ್ಳುವವರು ಇಲ್ಲಿಯೇ ಸೋಲುತ್ತಾರೆ, ಏಕೆಂದರೆ ಮೆಮೊರಿಯನ್ನು ಮಾತ್ರ ಜೀವಂತವಾಗಿಟ್ಟು ಉಳಿದದ್ದನ್ನು ಮಲಗಿಸುವ ಸೌಲಭ್ಯ ಅದರಲ್ಲಿಲ್ಲ. ಪೈನ್‌ಫೋನಿನ ಆಲ್‌ವಿನ್ನರ್ ಎ64 ಚಿಪ್ಪಿನೊಳಗೆ ಓಪನ್‌ರಿಸ್ಕ್ ಮಾದರಿಯ ಪುಟ್ಟ ಸಹಪ್ರೊಸೆಸರ್ ಇದೆ. ಕ್ರಸ್ಟ್ ಎಂಬ ಮುಕ್ತ ಫರ್ಮ್‌ವೇರ್ ಅದರ ಮೇಲೆ ಓಡುತ್ತ, ಮುಖ್ಯ ಪ್ರೊಸೆಸರ್ ಮಲಗಿರುವಾಗ ಕಾವಲು ಕಾಯುತ್ತದೆ. ಕರೆ ಬಂದಾಗ ಮೋಡೆಮಿನ ರಿಂಗ್ ಸೂಚಕ ಪಿನ್ ಎಬ್ಬಿಸುತ್ತದೆ. ಆ ಒಂದು ತಂತಿಯನ್ನು ನಿದ್ರೆಯಿಂದ ಎಬ್ಬಿಸಬಲ್ಲ ಪಿನ್ನಿಗೇ ಜೋಡಿಸಿದ್ದೀರೆಂದು ನಕ್ಷೆಯಲ್ಲಿ ಮತ್ತೊಮ್ಮೆ ನೋಡಿಕೊಳ್ಳಿ.

ಇದಾದ ಮೇಲೆ ಪ್ರೊಸೆಸರಿನ ಆಯ್ಕೆ ತಾನಾಗಿ ಕಿರಿದಾಗುತ್ತದೆ. ಲಿನಕ್ಸಿನ ಮುಖ್ಯ ಕರ್ನಲ್ಲಿನಲ್ಲೇ (ಆಪರೇಟಿಂಗ್ ಸಿಸ್ಟಮಿನ ತಿರುಳು) ಅದಕ್ಕೆ ಬೆಂಬಲವಿರಬೇಕು. ತಯಾರಕರು ಕೊಟ್ಟ ಹಳೆಯ ಕರ್ನಲ್ಲಿಗೆ ಕಟ್ಟುಬಿದ್ದರೆ ಭದ್ರತಾ ತಿದ್ದುಪಡಿಗಳಿಗಾಗಿ ಅವರ ಮರ್ಜಿ ಕಾಯಬೇಕಾಗುತ್ತದೆ. ಗ್ರಾಫಿಕ್ಸಿಗೆ ಮುಕ್ತ ಡ್ರೈವರ್ ಇರಬೇಕು: ಎ64ಕ್ಕೆ ಲಿಮಾ, ಪೈನ್‌ಫೋನ್ ಪ್ರೊದ ಆರ್‌ಕೆ3399ಎಸ್‌ಗೆ ಪ್ಯಾನ್‌ಫ್ರಾಸ್ಟ್, ಲಿಬ್ರೆಮ್ 5ರ ಐ.ಎಂಎಕ್ಸ್ 8ಎಂಗೆ ಎಟ್ನಾವಿವ್ ಇವೆ. ಎ64 ಮೊದಲು ಎಸ್‌ಡಿ ಕಾರ್ಡಿನಿಂದ ಬೂಟ್ ಆಗಲು ಯತ್ನಿಸುವುದರಿಂದ ಒಳಗಿನ ತಂತ್ರಾಂಶ ಎಷ್ಟೇ ಕೆಟ್ಟರೂ ಫೋನನ್ನು ಮರಳಿ ಎಬ್ಬಿಸಬಹುದು; ಕಲಿಯುವವರ ಕೈಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಮೊದಲ ಪ್ರಯತ್ನದಲ್ಲೇ ಮೆಮೊರಿ ಚಿಪ್ಪಿನ ಗೆರೆಗಳನ್ನು ನೀವೇ ಎಳೆಯಲು ಹೋಗಬೇಡಿ. ಪ್ರೊಸೆಸರ್ ಮತ್ತು ಮೆಮೊರಿ ಕೂಡಿಯೇ ಇರುವ ಮಾಡ್ಯೂಲ್ ಕೊಂಡು, ಅದರ ಕೆಳಗಿನ ಬೋರ್ಡನ್ನಷ್ಟೇ ಕೈಕ್ಯಾಡ್ ಎಂಬ ಮುಕ್ತ ನಕ್ಷೆ ತಂತ್ರಾಂಶದಲ್ಲಿ ಬರೆಯಿರಿ.

ಉಪ್ಪುಗಾಳಿ

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಗಾಳಿಯಲ್ಲೇ ಉಪ್ಪಿರುವ ಊರಿನಲ್ಲಿ ಮೊದಲು ಹಾಳಾಗುವುದು ಚಾರ್ಜಿಂಗ್ ಪೋರ್ಟ್. ಟೈಪ್-ಸಿ ಪೋರ್ಟನ್ನು ಪ್ರತ್ಯೇಕ ಪುಟ್ಟ ಬೋರ್ಡಿನ ಮೇಲಿಟ್ಟು ಕೇಬಲ್ಲಿನಿಂದ ಜೋಡಿಸಿದರೆ, ಅದಷ್ಟನ್ನೇ ಬದಲಾಯಿಸಿದರೆ ಸಾಕಾಗುತ್ತದೆ. ಕನೆಕ್ಟರುಗಳು ಚಿನ್ನಲೇಪಿತವಾಗಿರಲಿ, ಬೋರ್ಡಿಗೆ ತೇವ ತಡೆಯುವ ಕಾನ್ಫಾರ್ಮಲ್ ಕೋಟಿಂಗ್ ಹಚ್ಚಿ, ಹಿಂಬದಿಗೆ ಅಂಟಿನ ಬದಲು ಸ್ಕ್ರೂ ಬಳಸಿ. ಬ್ಯಾಟರಿಯೂ ಬಿಡಿಯಾಗಿ ಅಂಗಡಿಯಲ್ಲಿ ಸಿಗುವಂಥದ್ದಾಗಿರಲಿ. ಪೈನ್‌ಫೋನ್ ಸ್ಯಾಮ್‌ಸಂಗ್ ಗ್ಯಾಲಕ್ಸಿ ಜೆ7ರ ಬ್ಯಾಟರಿಯ ಅಳತೆಯನ್ನೇ ಅಳವಡಿಸಿಕೊಂಡದ್ದು ಜಾಣತನ.

ತಂತ್ರಾಂಶ

ಹೊಸ ಆಪರೇಟಿಂಗ್ ಸಿಸ್ಟಮ್ ಬರೆಯುವ ಅಗತ್ಯವಿಲ್ಲ. ಆಲ್ಪೈನ್ ಲಿನಕ್ಸನ್ನು ಆಧರಿಸಿದ ಪೋಸ್ಟ್‌ಮಾರ್ಕೆಟ್‌ಓಎಸ್, ಡೆಬಿಯನ್ ಆಧರಿಸಿದ ಮೋಬಿಯನ್ ಎರಡೂ ಇವೆ. ನಿಮ್ಮ ಬೋರ್ಡಿಗೆ ಡಿವೈಸ್ ಟ್ರೀ (ಬೋರ್ಡಿನಲ್ಲಿ ಏನೇನಿದೆಯೆಂದು ಕರ್ನಲ್ಲಿಗೆ ತಿಳಿಸುವ ಕಡತ) ಬರೆದು, ಫಾಶ್ ಅಥವಾ ಪ್ಲಾಸ್ಮಾ ಮೊಬೈಲ್ ಎಂಬ ಪರದೆ ತಂತ್ರಾಂಶವನ್ನು ಕೂರಿಸಿದರೆ ಆಯಿತು. ಬೋರ್ಡು ಕೈಗೆ ಬರುವವರೆಗೆ ಹಳೆಯ ಒನ್‌ಪ್ಲಸ್ 6 ಅಥವಾ ಪೋಕೋ ಎಫ್1 ಮೇಲೆ ಅಭ್ಯಾಸ ಮಾಡಬಹುದು.

ನಿಮ್ಮದೇ ಶ್ರಮ ಹೆಚ್ಚು ಬೇಕಾಗುವುದು ಕನ್ನಡಕ್ಕೆ. ಅಕ್ಷರ ಜೋಡಣೆಯನ್ನು ಹಾರ್ಫ್‌ಬಜ್ ಎಂಬ ತಂತ್ರಾಂಶ ನೋಡಿಕೊಳ್ಳುತ್ತದೆ, ನೋಟೋ ಸಾನ್ಸ್ ಕನ್ನಡ ಫಾಂಟ್ ಸಾಕಾಗುತ್ತದೆ. ಆದರೆ ರೋಮನ್ ಅಕ್ಷರಗಳಿಗೆ ಹೊಂದಿಸಿದ ಗುಂಡಿಗಳಲ್ಲಿ ‘ರಾಷ್ಟ್ರ’, ‘ಸ್ತ್ರೀ’ ಮುಂತಾದ ಪದಗಳ ಒತ್ತಕ್ಷರದ ಬುಡ ಕತ್ತರಿಸಿಹೋಗುವುದುಂಟು, ಆದ್ದರಿಂದ ಸಾಲಿನ ಎತ್ತರವನ್ನು ಪ್ರತಿ ಪರದೆಯಲ್ಲೂ ಪರೀಕ್ಷಿಸಬೇಕು. ಸ್ಕ್ವೀಕ್‌ಬೋರ್ಡ್ ಕೀಲಿಮಣೆಯ ವಿನ್ಯಾಸಗಳು ಸರಳವಾದ ಯಾಮಲ್ ಕಡತಗಳಾಗಿರುವುದರಿಂದ ಭಾರತೀಯ ಲಿಪಿಗಳ ಇನ್‌ಸ್ಕ್ರಿಪ್ಟ್ ಕೀಲಿಕ್ರಮವನ್ನು ಸೇರಿಸುವುದು ಕಷ್ಟವಲ್ಲ. ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡ್ 16ಕ್ಕೆ ಸೇರಿದೆ. ಅದರ ಫಾಂಟನ್ನೂ ಹಾಕಬಹುದಾದರೂ, ಇಲ್ಲಿನ ಹೆಚ್ಚಿನವರು ತುಳುವನ್ನು ಕನ್ನಡ ಲಿಪಿಯಲ್ಲೇ ಬರೆಯುವುದರಿಂದ ಮೊದಲ ಆದ್ಯತೆ ಕನ್ನಡ ಕೀಲಿಮಣೆಗೇ ಇರಲಿ. ಕನ್ನಡದ ಎಸ್‌ಎಂಎಸ್ ಒಂದಕ್ಕೆ 160ರ ಬದಲು 70 ಸಂಕೇತಗಳಷ್ಟೇ ಹಿಡಿಯುವುದರಿಂದ, ತುಂಡಾಗಿ ಬಂದ ಉದ್ದ ಸಂದೇಶಗಳು ಸರಿಯಾಗಿ ಕೂಡಿಕೊಳ್ಳುತ್ತವೆಯೇ ಎಂದೂ ನೋಡಿ.

ಆಂಡ್ರಾಯ್ಡ್ ಆ್ಯಪುಗಳನ್ನು ವೇಡ್ರಾಯ್ಡ್ ಮೂಲಕ ಓಡಿಸಬಹುದು. ಆದರೆ ಬ್ಯಾಂಕ್ ಮತ್ತು ಯುಪಿಐ ಆ್ಯಪುಗಳು ಫೋನಿನ ಅಧಿಕೃತತೆಯನ್ನು ಪರೀಕ್ಷಿಸುವ ಕಾರಣ ಅವು ನಡೆಯುತ್ತವೆಂದು ಯಾರಿಗೂ ಮಾತು ಕೊಡಬೇಡಿ.

ಮಾರಾಟದ ಯೋಚನೆಯಿದ್ದರೆ ತುರ್ತು ಕರೆಯ ಬಟನ್ ಮತ್ತು ಜಿಪಿಎಸ್ ಕಡ್ಡಾಯವೆನ್ನುವ 2016ರ ನಿಯಮವನ್ನು ನಕ್ಷೆಯ ಹಂತದಲ್ಲೇ ಗಮನದಲ್ಲಿಡಬೇಕು. ಮೋಡೆಮಿನಲ್ಲಿ ತಯಾರಕರು ಬರೆದ ಐಎಂಇಐ ಸಂಖ್ಯೆಯನ್ನು, ಬದಲಾಯಿಸಲು ದಾರಿಯಿದ್ದರೂ, ಮುಟ್ಟಬಾರದು. ಭಾರತದಲ್ಲಿ ಅದು ಅಪರಾಧ. ಕೆಲಸವನ್ನು ಬಿಡುಗಡೆ ಮಾಡುವಾಗ ನಕ್ಷೆಯ ಪಿಡಿಎಫ್ ಮಾತ್ರ ಕೊಡದೆ ಕೈಕ್ಯಾಡ್ ಮೂಲ ಕಡತಗಳು, ಬಿಡಿಭಾಗಗಳ ಪಟ್ಟಿ, ಡಿವೈಸ್ ಟ್ರೀ ಎಲ್ಲವನ್ನೂ ಕೊಟ್ಟು, ಹಾರ್ಡ್‌ವೇರ್ ಭಾಗಕ್ಕೆ ಸರ್ನ್ ಸಂಸ್ಥೆಯ ಮುಕ್ತ ಹಾರ್ಡ್‌ವೇರ್ ಪರವಾನಗಿಯ ಎರಡನೆಯ ಆವೃತ್ತಿಯನ್ನು ಹಾಕಿದರೆ ಬೇರೆಯವರು ಆ ಬೋರ್ಡನ್ನು ತಿದ್ದಿ ಮತ್ತೆ ತಯಾರಿಸಬಹುದು.